ರಾಜೇಸಾಬ ಕಾಕಾನ ಕಮಟು ಎಣ್ಣೆ

“ಕಮಟ ಎಣ್ಣಿ ನಾ ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ” ಅಂದುಬಿಟ್ಟರು ರಾಜೇಸಾಬ ಕಾಕಾ.

ನರಗುಂದದ ಅವರ ಎಣ್ಣೆ ಗಾಣದ ಬಾಗಿಲಲ್ಲಿ ಖಾಲಿ ಕ್ಯಾನ್ ಹಿಡಿದು ನಿಂತಿದ್ದೆ. ಹತ್ತಿರದ ಯಾವಗಲ್ ಊರಿನ ನಮ್ಮ ಮನೆಗೆ ಅಜ್ಜನ ಕಾಲದಿಂದಲೂ ಕುಸುಬಿ ಎಣ್ಣೆ ಅವರಲ್ಲಿಂದಲೇ. ಹಾಗಾಗಿ ಬೈಯುವ ಹಕ್ಕು ಅವರಿಗಿತ್ತು, ಹಟ ಮಾಡುವ ಹಕ್ಕು ನನಗಿತ್ತು.

ಇದು 2008-09ರ ಸುಮಾರಿನ ಮಾತು. ಆಗ ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ವಿಷಯ ಸೆಮಿಕಂಡಕ್ಟರ್ ನ್ಯಾನೊ ಹರಳುಗಳು... ಕಣ್ಣಿಗಿರಲಿ, ಸಾದಾ ಮೈಕ್ರೋಸ್ಕೋಪಿಗೂ ಕಾಣದಷ್ಟು ಸಣ್ಣವು.

ಇವುಗಳ ಗಮ್ಮತ್ತು ಏನೆಂದರೆ, ವಸ್ತು ಒಂದೇ ಆದರೂ ಗಾತ್ರ ಬದಲಾದರೆ ಬಣ್ಣ ಬದಲಾಗುತ್ತದೆ. ಸಣ್ಣವು ಹಸಿರು ಬೆಳಕು ಕೊಡುತ್ತವೆ, ಸ್ವಲ್ಪ ದೊಡ್ಡವು ಕಿತ್ತಳೆ, ಇನ್ನೂ ದೊಡ್ಡವು ಕೆಂಪು. ಉಂಡಿಯ ಪಾಕದ ಹಾಗೆ, ಎಷ್ಟು ಹೊತ್ತು ಕಾಯಿಸಿ ಯಾವಾಗ ಇಳಿಸುತ್ತೀರಿ ಅನ್ನುವುದರ ಮೇಲಿದೆ ಎಲ್ಲ.

ಎಲ್‌ಇಡಿ ದೀಪಕ್ಕೂ ಇವು ಬೇಕು, ಸೋಲಾರ್ ಸೆಲ್‌ಗೂ ಬೇಕು. ಆದರೆ ಇವನ್ನು ಬೆಳೆಸುವ ಕೆಮಿಕಲ್‌ಗಳೆಲ್ಲ ದುಬಾರಿ, ಹೊರದೇಶದಿಂದ ಬರಬೇಕು.

ನಮ್ಮ ಕರಿ ಮಣ್ಣಿನ ಕುಸುಬಿ ಎಣ್ಣೆಯಲ್ಲೇ ಬೆಳೆಸಿ ತೋರಿಸುತ್ತೇನೆ ಅಂತ ಹೊರಟವಳು ನಾನು! ಲ್ಯಾಬಿನ ಗೆಳೆಯರು “ಒಗ್ಗರಣೆ ಪಿಎಚ್‌ಡಿ” ಅಂತ ಹೆಸರಿಟ್ಟರು. ನಗುವವರು ನಗಲಿ ಅಂದುಕೊಂಡೆ.

ಕಾಕಾ ಮೊದಲ ಸಲ ಪ್ರೀತಿಯಿಂದ ಕೊಟ್ಟಿದ್ದು ಆಗಷ್ಟೇ ಗಾಣದಿಂದ ಇಳಿದ ಎಣ್ಣೆ. ಅದನ್ನು ಕಾಯಿಸಿ ಕಂದು ಬಣ್ಣದ ಕ್ಯಾಡ್ಮಿಯಂ ಪುಡಿ ಹಾಕಿದೆ. ಪುಡಿ ಕರಗಿದರೆ ತಾನೇ ಮುಂದೆ ಹರಳು? ಅದು ತಳ ಹಿಡಿದು ಕೂತಿದ್ದು ಅಲ್ಲಾಡಲೇ ಇಲ್ಲ.

ತಿಂಗಳುಗಟ್ಟಲೆ ಗಾಣದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತಿದ್ದು.

ಕೊನೆಗೆ ನನ್ನ ಗೈಡ್ ಮೇಡಂ ಕರೆದು, ಈ ರಜೆ ಮುಗಿಯುವುದರೊಳಗೆ ಏನೂ ಆಗದಿದ್ದರೆ ಟಾಪಿಕ್ ಬದಲಿಸೋಣ ಅಂದರು. ಅಂದರೆ ಇಷ್ಟು ದಿನದ್ದೆಲ್ಲ ನೀರಿನಲ್ಲಿ ಹೋಮ. ಅವತ್ತು ಹಾಸ್ಟೆಲ್‌ನಲ್ಲಿ ಊಟ ಸೇರಲಿಲ್ಲ. ಅತ್ತೂಬಿಟ್ಟೆ.

ಆದರೆ ಬಿಡಲು ಮನಸ್ಸಿಲ್ಲ. ಮರುದಿನ ಎಣ್ಣೆಯನ್ನೇ ಪರೀಕ್ಷೆಗೆ ಹಚ್ಚಿದೆ. ಪುಡಿ ಕರಗಿಸುವುದು ಎಣ್ಣೆಯಲ್ಲಿ ಬಿಡಿಯಾಗಿರುವ ಆಮ್ಲ. ಎಣ್ಣೆ ಹಳತಾಗಿ ಕೆಡುತ್ತಾ ಹೋದಷ್ಟೂ ಆ ಆಮ್ಲ ಹೆಚ್ಚುತ್ತದೆ. ಕಾಕಾನ ತಾಜಾ ಎಣ್ಣೆಯಲ್ಲಿ ಅದು ಇಲ್ಲವೇ ಇಲ್ಲ ಅನ್ನಬೇಕು... ಎಣ್ಣೆ ತೀರಾ ಚೆನ್ನಾಗಿದ್ದದ್ದೇ ತಪ್ಪಾಗಿತ್ತು!

ಗಾಣದ ಹಿಂದಿನ ಕೋಣೆಯಲ್ಲಿ ಡ್ರಮ್ಮಿನ ತಳದಲ್ಲಿ ಹಳತಾಗಿ ಕಮಟು ಹಿಡಿದ ಎಣ್ಣೆ ಇರುತ್ತದೆ ಅಂತ ನನಗೆ ಗೊತ್ತಿತ್ತು. ಚಕ್ಕಡಿ ಗಾಡಿಯ ಅಚ್ಚಿಗೆ ಸವರಲು ಮಾತ್ರ ಅದನ್ನು ಕೊಡುತ್ತಿದ್ದರು. ಅವತ್ತು ಖಾಲಿ ಕ್ಯಾನ್ ಹಿಡಿದು ಬಂದಿದ್ದು ಅದನ್ನೇ ಕೇಳಲು.

“ಸಾಲಿ ಕಲಿಯೋ ಹುಡಿಗಿಗೆ ಹೊಲಸ ಎಣ್ಣಿ ಕೊಟ್ಟ ಅಂತ ಮಂದಿ ಬಾಯಾಗ ಬೀಳ್ಲೇನು ನಾ?” ಅಂದರು ಕಾಕಾ.

“ತಿನ್ನಾಕಲ್ರಿ ಕಾಕಾ, ಬೆಳಕ ಮಾಡಾಕ್ರಿ.”

“ದೀಪಕ್ಕೂ ನಾ ಚಲೋ ಎಣ್ಣೀನ ಕೊಡಾಂವ, ತಂಗಿ.”

ಇದಕ್ಕೇನು ಹೇಳುತ್ತೀರಿ? ನಾನು ಕುಸುಬಿ ಚೀಲದ ಮೇಲೆ ಕೂತೆ. ಅವರು ನಮಾಜಿಗೆ ಹೋಗಿ ಬಂದರು, ನಾನು ಕೂತೇ ಇದ್ದೆ. ಚಹಾ ತರಿಸಿ ಕೊಟ್ಟರು, ಕುಡಿದು ಮತ್ತೆ ಕೂತೆ. ಗಿರಾಕಿಗಳು ಏನು ವಿಷಯ ಅಂತ ಕೇಳತೊಡಗಿದಾಗ ಕಾಕಾ ಸೋತರು.

“ಒಯ್ಯಿ. ಆದ್ರ ನನ್ನ ಹೆಸರ ಎಲ್ಲೂ ಬರಬಾರ್ದ ನೋಡು.” ನಾನು ಹೂಂ ಅಂದ ಮೇಲೆ ನನ್ನ ಕ್ಯಾನಿಗೆ ಎಣ್ಣೆ ತುಂಬಿ, ಅದರ ಮೇಲಿದ್ದ ಗಾಣದ ಲೇಬಲ್ಲನ್ನು ಉಗುರಿನಿಂದ ಕೆರೆದು ಕೆರೆದು ತೆಗೆದರು. ಆಮೇಲೆ ಪೇಪರಿನಲ್ಲಿ ಸುತ್ತಿ ಕೊಟ್ಟರು.

ಬಸ್ಸಿನಲ್ಲಿ ಪಕ್ಕದ ಸೀಟಿನವರು ಮೂಗಿಗೆ ಸೆರಗು ಹಿಡಿದು ಎದ್ದು ಹೋದರು. ಧಾರವಾಡದವರೆಗೆ ಆರಾಮಾಗಿ ಕಾಲು ಚಾಚಿ ಕೂತು ಬಂದೆ.

ಲ್ಯಾಬಿನಲ್ಲಿ ಎಣ್ಣೆ ಕಾಯುತ್ತಿದೆ. ಪುಡಿ ಹಾಕಿದ್ದೇನೆ. ಕಣ್ಣು ಕೀಳಲು ಧೈರ್ಯವಿಲ್ಲ... ನಿಧಾನಕ್ಕೆ ಕಂದು ಬಣ್ಣ ತೆಳುವಾಗುತ್ತದೆ, ತಳ ಕಾಣುತ್ತದೆ!

ಹರಳಿಗೆ ಬೇಕಾದ ಇನ್ನೊಂದು ಧಾತು ಸೆಲೆನಿಯಂ ಬೆರೆಸಿದ ಮೇಲೆ, ಹರಳು ಬೆಳೆಯುತ್ತ ಹಳದಿ ಬಂತು, ಕಿತ್ತಳೆ ಬಂತು, ಕೆಂಪು ಬಂತು. ನಾನು ಗ್ಲೌಸು ಹಾಕಿದ ಕೈಯಲ್ಲಿ ಕಣ್ಣೊರೆಸಿಕೊಳ್ಳಲೂ ಆಗದೆ ಅಳುತ್ತ ನಿಂತೆ.

ಮೇಡಂ ಹೊಗಳಲಿಲ್ಲ. ಇನ್ನೊಮ್ಮೆ ಮಾಡಿ ತೋರಿಸು ಅಂದರು. ತೋರಿಸಿದೆ. ಟಾಪಿಕ್ ಉಳಿಯಿತು.

ಥೀಸಿಸ್ ಬರೆಯುವ ಹೊತ್ತಿಗೆ ಎಣ್ಣೆ ಎಲ್ಲಿಯದು ಅಂತ ಬರೆಯಬೇಕಾಯಿತು. ಕಾಕಾನಿಗೆ ಮಾತು ಕೊಟ್ಟಿದ್ದೆನಲ್ಲ, ಕೇಳದೆ ಬರೆಯುವುದು ಹೇಗೆ? ಒಂದು ನೀಲಿ ಎಲ್‌ಇಡಿ, ಎರಡು ಟಾರ್ಚ್ ಸೆಲ್ಲು ಹಿಡಿದು ಮತ್ತೆ ನರಗುಂದಕ್ಕೆ ಹೋದೆ.

ಎಂದಿನಂತೆ ಕರೆಂಟು ಹೋಗಿ ಗಾಣ ನಿಂತಿತ್ತು. ಒಳಗೆ ಕತ್ತಲು. ಎಲ್‌ಇಡಿ ಹಚ್ಚಿದೆ, ಬರೀ ನೀಲಿ. ಅದರ ಮೇಲೆ ನಮ್ಮ ಹರಳುಗಳನ್ನು ಗಟ್ಟಿ ಅಂಟಿನೊಳಗೆ ಸೀಲ್ ಮಾಡಿದ ಪುಟ್ಟ ಟೊಪ್ಪಿಗೆ ಇಟ್ಟೆ. ಬೆಳಕು ಕಂದೀಲಿನ ಬಣ್ಣಕ್ಕೆ ತಿರುಗಿತು.

ಕಾಕಾ ಟೊಪ್ಪಿಗೆ ತೆಗೆದರು, ನೀಲಿ. ಇಟ್ಟರು, ಕಂದೀಲು. ಮತ್ತೆ ತೆಗೆದರು, ಮತ್ತೆ ಇಟ್ಟರು.

“ಇದು... ಆ ಹೊಲಸ ಎಣ್ಣಿದ?”

“ಹೌದ್ರಿ ಕಾಕಾ, ಅದರದ.”

ಎಲ್‌ಇಡಿಯನ್ನು ಜೋಪಾನವಾಗಿ ನನ್ನ ಕೈಗೆ ಕೊಟ್ಟರು. ಆಮೇಲೆ, “ಹಂಗಾದ್ರ ಹೆಸರ ಹಾಕು. ಆದ್ರ ಅಂಗಡ್ಯಾಗ ಮಾರೂದು ತಾಜಾ ಎಣ್ಣೀನ ಅಂತ ಅದರ ಕೆಳಗ ಬರಿ” ಅಂದರು.

ಕೃತಜ್ಞತೆಯ ಪುಟದಲ್ಲಿ ಕಾಕಾನ ಹೆಸರು, ಅದರ ಕೆಳಗೆ ಆ ಸಾಲು ಬರೆದೆ. ಕರಡು ನೋಡಿದ ಮೇಡಂ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಇದಕ್ಕೂ ವಿಜ್ಞಾನಕ್ಕೂ ಸಂಬಂಧವಿಲ್ಲ, ತೆಗೆ ಅಂದರು. ನಾನು ಮತ್ತೆ ಹಟಕ್ಕೆ ಕೂತೆ.

“ಇವರ ಅಂಗಡಿಯಲ್ಲಿ ಮಾರುವುದು ತಾಜಾ ಎಣ್ಣೆ ಮಾತ್ರ” ಅನ್ನುವ ಸಾಲು ಇವತ್ತಿಗೂ ನನ್ನ ಥೀಸಿಸ್‌ನ ಕೃತಜ್ಞತೆಯ ಪುಟದಲ್ಲಿದೆ.

ನೀವಾಗಿದ್ದರೆ ತೆಗೆಯುತ್ತಿದ್ದಿರಾ?