ಅಣ್ಣನಿಗೆ ಹೇಳದೆ ಬಿಟ್ಟ ಪ್ರಶ್ನೆ

ಎಲ್‌ಎಸ್‌ಡಿ ಎಂದರೇನು ಎಂದು ಮೊಮ್ಮಕ್ಕಳು ಈಗ ಫೋನಿನಲ್ಲಿ ಓದಿ ನನಗೆ ಪಾಠ ಹೇಳಲು ಬರುತ್ತಾರೆ. ನಾನು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ಅದನ್ನು ಮೊದಲ ಸಲ ತೆಗೆದುಕೊಳ್ಳುವವರು ಏನೇನು ತಿಳಿದಿರಬೇಕು ಎಂಬುದನ್ನು, ಅವರ ಅಪ್ಪಂದಿರು ಹುಟ್ಟುವ ಮೊದಲೇ, ಯಾದವಗಿರಿಯ ನಮ್ಮ ಮನೆಯ ಹಿತ್ತಲಲ್ಲಿ ನಿಂತು ನಾನೇ ಒಂದೊಂದಾಗಿ ಕನ್ನಡದಲ್ಲಿ ಹೇಳಿದ್ದೆ. ಕೇಳಿಸಿಕೊಂಡವನು ನನ್ನ ಅಣ್ಣ. ಒಂದನ್ನು ಮಾತ್ರ ಹೇಳದೆ ನುಂಗಿಕೊಂಡೆ. ಆ ಒಂದಕ್ಕೇ ಅವನ ಬದುಕು ಹಾಳಾಯಿತು.

ಅರವತ್ತರ ದಶಕದ ಕೊನೆ. ಹಳ್ಳಿಯಿಂದ ಬಂದು ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿದ್ದ ಅಪ್ಪ ಶಿರಸ್ತೇದಾರರಾಗಿ ನಿವೃತ್ತರಾಗಿದ್ದರು. ಮನೆಯ ಹಿಂದಿನ ಔಟ್‌ಹೌಸನ್ನು ವೀಣೆ ಕಲಿಯಲು ಬಂದಿದ್ದ ಒಬ್ಬ ಅಮೆರಿಕದ ಯುವಕನಿಗೆ ಬಾಡಿಗೆಗೆ ಕೊಟ್ಟಿದ್ದರು. ಅವ್ವ ಮೊದಮೊದಲು ಅವನನ್ನು ದೊರೆ ಎನ್ನುತ್ತಿದ್ದಳು. ದೊರೆ ಬರಿಗಾಲಲ್ಲಿ ಮಾರ್ಕೆಟ್ಟಿಗೆ ಹೋಗಿ ಬದನೆಕಾಯಿ ತರುವುದನ್ನು ನೋಡಿದ ಮೇಲೆ ಆ ಬಿರುದನ್ನು ವಾಪಸು ತೆಗೆದುಕೊಂಡಳು.

ಅಣ್ಣನಿಗೆ ಆಗ ಇಪ್ಪತ್ತಾರು ವರ್ಷ. ಅಪ್ಪ ಇದ್ದ ಕಚೇರಿಯಲ್ಲೇ ಟೈಪಿಸ್ಟ್ ಆಗಿದ್ದ. ದಿನವಿಡೀ ಇಂಗ್ಲಿಷ್ ಟೈಪ್ ಮಾಡುತ್ತಿದ್ದರೂ ಆ ಯುವಕ ಮೂಗಿನಲ್ಲಿ ಆಡುತ್ತಿದ್ದ ಇಂಗ್ಲಿಷ್ ಅವನಿಗೆ ಹತ್ತುತ್ತಿರಲಿಲ್ಲ. ಬಿ.ಎ. ಓದುತ್ತಿದ್ದ ನಾನು ಇಬ್ಬರ ನಡುವೆ ದುಭಾಷಿ. ಅದೇನು ಜಂಬ ನನಗೆ! ನಾನಿಲ್ಲದೆ ಇವರಿಬ್ಬರೂ ಮೂಗರು ಎಂದುಕೊಂಡು ಓಡಾಡುತ್ತಿದ್ದೆ.

ಅಣ್ಣನಿಗೆ ಸಂಗೀತದ ಹುಚ್ಚು. ಒಂದು ದಿನ ಆ ಯುವಕ ಎಲ್‌ಎಸ್‌ಡಿ ತೆಗೆದುಕೊಂಡು ತಂಬೂರಿಯ ಮುಂದೆ ಕೂತು ಸುಮ್ಮನೆ ಕಣ್ಣೀರು ಸುರಿಸುತ್ತಿದ್ದದ್ದನ್ನು ಅಣ್ಣ ಕಿಟಕಿಯಿಂದ ನೋಡಿದ. ಯಾಕೆಂದು ಮರುದಿನ ನನ್ನಿಂದ ಕೇಳಿಸಿ ತಿಳಿದುಕೊಂಡ. ‘ಒಂದು ಸ್ವರದೊಳಗೆ ಅಷ್ಟೊಂದು ಅದೆಯಂತೆ ಕಣೆ, ನಂಗೂ ಕೇಳುಸ್ಬೇಕು ಅಂತ ಅವುನ್ಗೆ ಹೇಳು’ ಎಂದು ನನ್ನ ಬೆನ್ನು ಹತ್ತಿದ. ತಿಂಗಳುಗಟ್ಟಲೆ ಪೀಡಿಸಿದ. ಆ ಯುವಕ ಒಪ್ಪಿದ್ದು ಬಹಳ ತಡವಾಗಿ.

ಒಪ್ಪುವ ಮುನ್ನ ಹಿತ್ತಲ ಕಲ್ಲುಬೆಂಚಿನ ಮೇಲೆ ಅಣ್ಣನನ್ನು ಕೂರಿಸಿ ಕಟ್ಟುನಿಟ್ಟಾಗಿ ಹೇಳಿದ. ಇದನ್ನು ಒಬ್ಬನೇ ತೆಗೆದುಕೊಳ್ಳಕೂಡದು. ತಾನು ತೆಗೆದುಕೊಳ್ಳದೆ ಪಕ್ಕದಲ್ಲಿ ಕೂರುವ ನಂಬಿಕೆಯ ಮನುಷ್ಯ ಬೇಕು. ಮನಸ್ಸು ಕಲಕಿರುವ ದಿನ ಬೇಡ. ಅರ್ಧ ಗಂಟೆಯಾದರೂ ಏನೂ ಆಗಲಿಲ್ಲವೆಂದು ಇನ್ನೊಂದು ಕೇಳಬಾರದು. ಒಮ್ಮೆ ಹತ್ತಿದರೆ ನಡುವೆ ಇಳಿಸಲು ಆಗುವುದಿಲ್ಲ, ಒಂದು ಹಗಲು ಪೂರ್ತಿ ಬೇಕು. ಹೆದರಿಕೆಯಾದರೆ ಅದರ ಜೊತೆ ಗುದ್ದಾಡಬಾರದು. ನಿನ್ನೆ ನಿದ್ದೆ ಬಂತೋ, ಬೇರೆ ಔಷಧಿ ಏನಾದರೂ ನುಂಗುತ್ತೀಯೋ, ಬೆಳಿಗ್ಗೆ ಏನು ತಿಂದೆ ಎಂದೆಲ್ಲ ಕೇಳಿದ. ನಾನು ಚಾಚೂ ತಪ್ಪದೆ ಹೇಳುತ್ತ ಹೋದೆ.

ಆಮೇಲೆ ನನ್ನ ಕಡೆ ತಿರುಗಿ ಕೇಳಿದ: ‘ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಇದೆಯೆ? ಇದ್ದರೆ ನಾನು ಕೊಡುವುದಿಲ್ಲ.’

ನನ್ನ ಚಿಕ್ಕಪ್ಪ, ಅಪ್ಪನ ಒಡಹುಟ್ಟಿದ ತಮ್ಮ, ಹನ್ನೊಂದು ವರ್ಷಗಳಿಂದ ಬೆಂಗಳೂರಿನ ಹುಚ್ಚಾಸ್ಪತ್ರೆಯಲ್ಲಿದ್ದರು. ಊರಿಗೆಲ್ಲ ನಾವು ಹೇಳುತ್ತಿದ್ದದ್ದು ಅವರು ಬೊಂಬಾಯಿಯ ಮಿಲ್ಲಿನಲ್ಲಿದ್ದಾರೆ ಎಂದು. ಅಪ್ಪ ತಿಂಗಳಿಗೊಮ್ಮೆ ನೋಡಿಬರುತ್ತಿದ್ದರು. ಆ ವರ್ಷ ನನಗೆ ಗಂಡು ಹುಡುಕುತ್ತಿದ್ದರು, ಮಂಡ್ಯದ ಕಡೆಯವರು ಜಾತಕ ಕೇಳಿ ಕಳಿಸಿದ್ದರು. ನಮ್ಮಲ್ಲಿ ಹುಡುಗಿ ನೋಡಲು ಬರುವವರು ತಟ್ಟೆಯ ಉಪ್ಪಿಟ್ಟು ಮುಗಿಯುವುದರೊಳಗೆ ಕೇಳುವ ಪ್ರಶ್ನೆಯೂ ಇದೇ. ಅವ್ವ ನನ್ನನ್ನು ಅದಕ್ಕೆ ತಯಾರು ಮಾಡಿಟ್ಟಿದ್ದಳು. ‘ಯಾರೇ ಕೇಳ್ಲಿ, ಇಲ್ಲ ಅಂದ್ಬುಡು. ಯೋಚ್ನೆ ಮಾಡ್ದಂಗೆ ಅನ್ಬೇಕು. ತಡವರ್ಸುದ್ರೆ ಗೊತ್ತಾಗೋಯ್ತದೆ ಕಣಮ್ಮ.’

ನಾನು ಯೋಚನೆ ಮಾಡಲಿಲ್ಲ. ‘ಇಲ್ಲ, ಯಾರಿಗೂ ಇಲ್ಲ’ ಎಂದು ಇಂಗ್ಲಿಷಿನಲ್ಲೇ ಹೇಳಿಬಿಟ್ಟೆ.

‘ಏನಂತೆ?’ ಎಂದ ಅಣ್ಣ.

‘ಹೊಟ್ಟೆ ಗಿಟ್ಟೆ ತೊಂದ್ರೆ ಇದ್ಯಾ ಅಂತ ಕೇಳ್ದ, ಇಲ್ಲ ಅಂದೆ.’

ಅದೊಂದು ಭಾನುವಾರ. ಅಪ್ಪ ಅವ್ವ ನಂಜನಗೂಡಿಗೆ ಹೋಗಿದ್ದರು. ತಿಂಡಿಯಾದ ಮೇಲೆ ಆ ಯುವಕ ಎಲ್‌ಎಸ್‌ಡಿಯ ಹನಿ ಇಂಗಿಸಿದ್ದ ಸಕ್ಕರೆಯ ಒಂದು ಸಣ್ಣ ಅಚ್ಚನ್ನು ಅಣ್ಣನ ಅಂಗೈಗೆ ಹಾಕಿದ. ಅಣ್ಣ ತೀರ್ಥ ತೆಗೆದುಕೊಳ್ಳುವ ಹಾಗೆ ಬಾಯಿಗಿಟ್ಟುಕೊಂಡ. ಸ್ವಲ್ಪ ಹೊತ್ತಿಗೆ ‘ಏನೂ ಆಯ್ತಿಲ್ವಲ್ಲ, ಇನ್ನೊಂದು ಕೊಡಾಕ್ ಹೇಳು’ ಎಂದ. ಯುವಕ ಕೊಡಲಿಲ್ಲ. ಹತ್ತು ಗಂಟೆಯ ಸುಮಾರಿಗೆ ತಂಬೂರಿ ಮೀಟಿದಾಗ ಅಣ್ಣನ ಮುಖ ಬದಲಾಯಿತು. ಅವನು ಅಷ್ಟು ಚೆಂದವಾಗಿ ಕಂಡದ್ದು ಅದೇ ಕೊನೆ. ‘ಅಯ್ಯೋ, ಸದ್ದು ಕಣ್ಗೆ ಕಾಣ್ತಾ ಅದೆ ಕಣೆ’ ಎಂದು ನನ್ನ ಕೈ ಹಿಡಿದುಕೊಂಡು ನಕ್ಕ.

ಮಧ್ಯಾಹ್ನ ನಗು ನಿಂತಿತು. ಗೋಡೆ ಉಸಿರಾಡುತ್ತಿದೆ ಎಂದ. ಗೋಡೆಯ ಆಚೆ ಕೂತವರು ತನ್ನ ಹೆಸರನ್ನು ಟೈಪ್ ಮಾಡುತ್ತಿದ್ದಾರೆ ಎಂದ. ಯುವಕ ತಾನು ಹೇಳಿದ್ದನ್ನೆಲ್ಲ ಮಾಡಿದ. ಪಕ್ಕದಲ್ಲೇ ಕೂತ, ಕಿಟಕಿಯ ಪರದೆ ಎಳೆದ, ನೀರು ಕುಡಿಸಿದ. ‘ಇದು ಆ ವಸ್ತು ಮಾಡುತ್ತಿರುವುದು, ಸಂಜೆಗೆ ಇಳಿಯುತ್ತದೆ’ ಎಂದು ನನ್ನ ಬಾಯಲ್ಲಿ ಹೇಳಿಸಿದ. ನಾನು ಹೇಳಿದೆ. ಹತ್ತು ಸಲ, ಇಪ್ಪತ್ತು ಸಲ ಹೇಳಿದೆ.

ಸಂಜೆಗೆ ಇಳಿಯಲಿಲ್ಲ. ಮರುದಿನವೂ ಇಳಿಯಲಿಲ್ಲ. ನಾಲ್ಕನೆಯ ದಿನ ಅಣ್ಣ ಕಚೇರಿಯ ಟೈಪ್‌ರೈಟರನ್ನು ನೆಲಕ್ಕೆ ಎತ್ತಿಹಾಕಿ ಅದರೊಳಗಿನವರನ್ನು ಹೊರಗೆ ಬಿಡಿ ಎಂದು ಅತ್ತನಂತೆ. ಯುವಕ ನನ್ನನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿಕೊಂಡು, ಬಿಳಿಚಿಹೋದ ಮುಖದಲ್ಲಿ ಇನ್ನೊಮ್ಮೆ ಕೇಳಿದ: ‘ನಿಜ ಹೇಳು, ಮನೆಯಲ್ಲಿ ಯಾರಿಗೂ ಇರಲಿಲ್ಲವೆ?’ ಮಂಡ್ಯದವರು ಬರುವ ದಿನ ಗೊತ್ತಾಗಿತ್ತು. ನಾನು ಮತ್ತೆ ಇಲ್ಲ ಎಂದೆ. ಮೊದಲನೆಯದು ಅಭ್ಯಾಸಬಲ ಎಂದಾದರೂ ಹೇಳಿಕೊಳ್ಳಬಹುದು. ಎರಡನೆಯದನ್ನು ನಾನು ಯೋಚಿಸಿಯೇ ಹೇಳಿದೆ.

ಅಪ್ಪ ಆ ಯುವಕನನ್ನು ಮನೆ ಬಿಡಿಸಿದರು. ಪರಂಗಿಯವನು ನನ್ನ ಮಗನಿಗೆ ವಿಷ ಹಾಕಿದ ಎಂದು ಬೀದಿಗೆಲ್ಲ ಕೇಳುವ ಹಾಗೆ ಬೈದರು. ಅವನು ತಲೆ ತಗ್ಗಿಸಿಕೊಂಡು ಟಾಂಗಾ ಹತ್ತಿದ. ಕೊಟ್ಟವನು ಅವನೇ, ಅವನದೇನೂ ತಪ್ಪಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಕೇಳಬೇಕಾದ್ದನ್ನು ಅವನು ಕೇಳಿದ್ದ.

ಅಣ್ಣನನ್ನು ಬೆಂಗಳೂರಿಗೆ ಸೇರಿಸಿದರು, ಚಿಕ್ಕಪ್ಪ ಇದ್ದ ಆಸ್ಪತ್ರೆಗೇ. ಮಂಡ್ಯದವರು ಬಂದಾಗ ಅಪ್ಪ, ‘ಮಗ ಬೊಂಬಾಯಲ್ಲವ್ನೆ, ಅವರ ಚಿಕ್ಕಪ್ಪನೇ ಕೆಲ್ಸ ಕೊಡ್ಸವ್ರೆ’ ಎಂದರು. ಮದುವೆ ನಡೆಯಿತು. ಧಾರೆಯ ಹೊತ್ತಿಗೆ ಅಣ್ಣ ನಿಲ್ಲಬೇಕಾದ ಜಾಗದಲ್ಲಿ ದೂರದ ಸಂಬಂಧದವರೊಬ್ಬರು ನಿಂತಿದ್ದರು. ನಾನು ರೇಷ್ಮೆ ಸೀರೆ ಉಟ್ಟುಕೊಂಡು ಅಳುತ್ತಿದ್ದೆ. ತವರು ಬಿಡುವ ದುಃಖ ಎಂದು ಎಲ್ಲರೂ ಸಮಾಧಾನ ಮಾಡಿದರು. ನನಗೆ ನನ್ನ ಮೇಲೆ ಅಸಹ್ಯವಾಗುತ್ತಿತ್ತು.

ಮದುವೆಯಾಗಿ ವರ್ಷವಾದ ಮೇಲೆ ಅಪ್ಪನ ಜೊತೆ ಆಸ್ಪತ್ರೆಗೆ ಹೋದೆ. ಅಣ್ಣನ ಮನಸ್ಸು ಅಂದು ತಿಳಿಯಾಗಿತ್ತು. ಔಷಧಿಗೆ ಮೈ ಊದಿಕೊಂಡಿತ್ತು. ಅಪ್ಪ ಡಾಕ್ಟರನ್ನು ನೋಡಲು ಒಳಗೆ ಹೋದಾಗ ಮರದ ಕೆಳಗೆ ನಾವಿಬ್ಬರೇ ಕೂತೆವು.

‘ಡಾಕ್ಟ್ರು ಹೇಳುದ್ರು ಕಣೆ, ಇದು ವಂಶದಲ್ಲಿದ್ರೆ ಆ ಸಕ್ರೆ ಮುಟ್ಲೇ ಬಾರ್ದಿತ್ತಂತೆ’ ಎಂದ.

ನಾನು ಚೀಲದಿಂದ ಬಾಳೆಹಣ್ಣು ತೆಗೆದು ಅವನ ಕೈಗಿಟ್ಟೆ.

‘ಅವ್ನು ನಿದ್ದೆ ಕೇಳ್ದ, ಊಟ ಕೇಳ್ದ, ಅಷ್ಟೆಲ್ಲ ಕೇಳ್ದ. ಇದೊಂದು ಯಾಕೆ ಕೇಳ್ಲಿಲ್ಲ? ಕೇಳಿದ್ರೆ ನಾನೇ ಹೇಳ್ತಿದ್ದೆ, ಚಿಕ್ಕಪ್ಪಂಗೆ ಹಿಂಗದೆ ಅಂತ. ಅವುನ್ತಾವ ಏನ್ ನಾಚ್ಕೆ?’

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಅನುಮಾನದಿಂದ ಅಲ್ಲ. ಆ ಯುವಕನ ಇಂಗ್ಲಿಷನ್ನು ಅವನಿಗೆ ಕನ್ನಡದಲ್ಲಿ ಹೇಳುತ್ತಿದ್ದವಳು ನಾನು, ಅದಕ್ಕೆ.

‘ಅವುನ್ಗೂ ಗೊತ್ತಿರ್ಲಿಲ್ಲ ಅನ್ಸುತ್ತೆ ಕಣಣ್ಣ’ ಎಂದೆ.

‘ಇರ್ಬೋದು. ಪಾಪ’ ಎಂದು ಅಣ್ಣ ತಲೆಯಾಡಿಸಿದ. ನಾನು ತಂದಿದ್ದ ಬಾಳೆಹಣ್ಣನ್ನು ಸುಲಿದು, ಅರ್ಧ ಮುರಿದು ನನಗೆ ಕೊಟ್ಟ. ನಾನು ತಿಂದೆ.