ತಂಗಿಯ ಚಕ್ರಗಳಿಗೆ ನಾನು ಗೀರು ಕೊಯ್ದದ್ದು

ಗಣಿಯ ಕಾಲದಲ್ಲಿ, ಕೆಂಪು ಧೂಳು ಮುಚ್ಚಿದ ಬಳ್ಳಾರಿಯಲ್ಲಿ ಬಿಳಿ ಅಂಗಿ ತೊಟ್ಟು ತಿರುಗುವವನು ಒಂದೋ ಧಣಿ, ಇಲ್ಲವೋ ದಡ್ಡ. ನಾನು ಎರಡೂ ಅಲ್ಲ ಎಂದುಕೊಂಡಿದ್ದೆ. ಹೊಸಪೇಟೆ ರಸ್ತೆಯಲ್ಲಿ ನನ್ನದೊಂದು ಟೈರು ಅಂಗಡಿ ಇತ್ತು. ಅದಿರು ಹೊತ್ತು ಹೊತ್ತು ಸವೆದ ಲಾರಿಗಳ ಬೋಳು ಟೈರಿಗೆ ಬಿಸಿ ಕತ್ತಿಯಿಂದ ಮತ್ತೆ ಗೀರು ಕೊಯ್ದು ಕೊಡುವುದು ನನ್ನ ಕಸುಬು. ಗೀರು ಆಳವಾಗಿದ್ದರೆ ರಸ್ತೆಗೆ ಚೆಲ್ಲಿದ ಕೆಂಪು ಪುಡಿಯ ಮೇಲೂ ಚಕ್ರ ಹಿಡಿತ ಬಿಡುವುದಿಲ್ಲ. ಅಜ್ಜ ಹತ್ತಿ ಹಿಂಜುತ್ತಿದ್ದ, ಅಪ್ಪ ಹಾಸಿಗೆ ಹೊಲಿಯುತ್ತಿದ್ದ, ನಾನು ರಬ್ಬರು ಕೊಯ್ಯುತ್ತಿದ್ದೆ. ಡ್ರೈವರುಗಳು ನನ್ನನ್ನು ಟೈರ್ ಡಾಕ್ಟರ್ ಎನ್ನುತ್ತಿದ್ದರು. ಹೊಗಳಿದರೆ ಉಬ್ಬಿಹೋಗುವ ಸ್ವಭಾವ ನನ್ನದು.

ತಂಗಿ ನನಗಿಂತ ಹನ್ನೊಂದು ವರ್ಷ ಚಿಕ್ಕವಳು, ಆಗ ಒಂಬತ್ತನೇ ತರಗತಿ. ಸಂಜೆ ಕಂಟೋನ್ಮೆಂಟಿನ ಒಂದು ಶಾಲೆಯ ಸಿಮೆಂಟಿನ ಅಂಗಳದಲ್ಲಿ ಸ್ಕೇಟಿಂಗ್ ಕಲಿಯುತ್ತಿದ್ದಳು. ಅಮ್ಮ ಅದನ್ನು ‘ಗಾಲಿ ಬೂಟು’ ಎಂದೇ ಕರೆಯುತ್ತಿದ್ದಳು. ಕೌಲ್‌ಬಜಾರಿನ ನಮ್ಮ ಓಣಿಯ ಹೆಂಗಸರು, ಇಷ್ಟು ದೊಡ್ಡ ಹುಡುಗಿ ಗಂಡುಹುಡುಗರ ಜೊತೆ ಜಾರಾಡುತ್ತಾಳೆ ಎಂದು ಅಮ್ಮನ ಕಿವಿ ಕಚ್ಚುತ್ತಿದ್ದರು. ಕೊನೆಗೆ ಅಮ್ಮ ಒಂದು ಷರತ್ತು ಹಾಕಿದಳು.

“ಜಿಲ್ಲಾ ತಂಡಕ್ಕ ಆರಿಸಿದ್ರ ಪಿಯುಸಿ ಮುಗಿಯೋತನ ಆಡ್ಲಿ. ಆರಿಸ್ಲಿಲ್ಲ ಅಂದ್ರ ಆ ಗಾಲಿ ಬೂಟು ಬಿಚ್ಚಿಟ್ಟು ಮನ್ಯಾಗ ಕುಂದ್ರಲಿ.”

ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನನ್ನ ಮಾತಿಗೆ ತೂಕ ಬಂದಿತ್ತು. ನಾನು ಒಪ್ಪಿದೆ. ತಂಗಿಯೂ ಒಪ್ಪಿದಳು, ಆರಿಸಿಯೇ ಆರಿಸುತ್ತಾರೆ ಎಂಬ ಧೈರ್ಯದಿಂದ.

ಅವಳ ಹಳೆಯ ಸ್ಕೇಟು ಕಾಲಿಗೆ ಚಿಕ್ಕದಾಗಿತ್ತು. ಹೊಸದು ಕೊಳ್ಳಬೇಕು, ಆದರೆ ಎಂಥದ್ದು? ವಾರದ ಆರು ದಿನ ನುಣುಪು ಅಂಗಳ. ಭಾನುವಾರ ಶಾಲೆಗೆ ಬೀಗ, ಅವತ್ತು ನಾನು ಅವಳನ್ನು ಬೈಕಿನಲ್ಲಿ ಕೊಳಗಲ್ಲಿನ ಕಡೆಯ ಹೊಸ ಡಾಂಬರು ರಸ್ತೆಗೆ ಕರೆದೊಯ್ಯುತ್ತಿದ್ದೆ. ಅಲ್ಲೂ ಲಾರಿಗಳು ಓಡಾಡಿ ಒಮ್ಮೊಮ್ಮೆ ಅದಿರಿನ ಪುಡಿ ಹಿಟ್ಟಿನಂತೆ ಬಿದ್ದಿರುತ್ತಿತ್ತು.

ಬೆಂಗಳೂರು ರಸ್ತೆಯ ಆಟದ ಸಾಮಾನಿನ ಅಂಗಡಿಯ ಮುದುಕ ಮೂರು ಜೊತೆ ತೆಗೆದಿಟ್ಟ.

“ಅಂಗಳಕ್ಕ ಗಟ್ಟಿ ಚಕ್ರ, ರಸ್ತೆಗೆ ಮೆತ್ತಂದು. ಎರಡಕ್ಕೂ ಒಂದೇ ಬೇಕಂದ್ರ ಈ ನಡುವಿಂದು ತಗೋರಿ. ಎರಡ್ರಾಗೂ ಒಂಚೂರು ಕಮ್ಮಿ, ಆದ್ರ ನಡೀತೈತಿ.”

ತಂಗಿ ಚಕ್ರಗಳಿಗೆ ಉಗುರು ಒತ್ತಿ ನೋಡಿದಳು, ತಿರುಗಿಸಿ ಕಿವಿಗೆ ಹಿಡಿದಳು, ಒಂದೊಂದನ್ನೂ ಕಟ್ಟಿಕೊಂಡು ಒಂಟಿ ಕಾಲಲ್ಲಿ ನಿಂತಳು. ಅಮ್ಮ ಸೀರೆ ಆರಿಸುವಾಗಲೂ ಇಷ್ಟು ಹೊತ್ತು ಹಿಡಿದದ್ದಿಲ್ಲ. ಕೊನೆಗೆ ನಡುವಿನದನ್ನೇ ಎತ್ತಿಕೊಂಡಳು.

“ಪುಡಿ ಇರೋದು ವಾರಕ್ಕ ಒಂದಿನ ಅಣ್ಣಾ. ಅವತ್ತು ನಾ ನಿಧಾನಕ ಆಡ್ತೀನಿ. ಆರ್ಸೋದು ಅಂಗಳದಾಗ.”

ಹದಿನಾಲ್ಕು ವರ್ಷದವಳ ತಲೆಯಲ್ಲಿ ಅಷ್ಟು ಬುದ್ಧಿ ಇತ್ತು. ನನ್ನ ತಲೆಯಲ್ಲಿ ಇರಲಿಲ್ಲ. ‘ನಿಧಾನ’ ಎಂಬ ಮಾತೇ ನನಗೆ ಹಿಡಿಸಲಿಲ್ಲ. ಊರಿನ ಲಾರಿಗಳಿಗೆಲ್ಲ ಹಿಡಿತ ಕೊಡುವವನ ತಂಗಿಯೇ ಪುಡಿಗೆ ಹೆದರಿ ನಿಧಾನ ಹೋಗುವುದೇ?

ಶುಕ್ರವಾರ ನಮಾಜು ಮುಗಿಸಿ ಬಂದೆ. ಆ ಮಧ್ಯಾಹ್ನ ನಮ್ಮಲ್ಲಿ ಅಂಗಡಿ ತೆಗೆಯುವುದಿಲ್ಲ. ಬಾಗಿಲು ಅರ್ಧ ಎಳೆದುಕೊಂಡು, ಕತ್ತಿ ಕಾಯಿಸಿ, ಎಂಟು ಚಕ್ರಗಳಿಗೂ ಲಾರಿ ಟೈರಿನ ಹಾಗೆಯೇ ಓರೆ ಗೀರು ಕೊಯ್ದೆ. ಕೆಲಸ ಚೆಂದವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ತಂಗಿ ಗೀರುಗಳ ಮೇಲೆ ಬೆರಳಾಡಿಸಿ ನೋಡಿದಳು.

“ಒಂದ್ಮಾತು ಕೇಳಬೇಕಿತ್ತಣ್ಣ.”

“ಟೈರಿನ ವಿಷ್ಯ ನನಗ ಕಲಿಸ್ತಿಯೇನಲೇ?”

ಅವಳು ನಕ್ಕಳು. ಆ ಭಾನುವಾರ ಕೊಳಗಲ್ಲಿನ ಹತ್ತಿರ ಕೆಂಪು ಪುಡಿಯ ಮೇಲೆ ನೇರ ದಾರಿಯಲ್ಲಿ ಒಮ್ಮೆಯೂ ಜಾರದೆ ಹೋದಳು. ನಾನು ರಸ್ತೆ ಬದಿ ನಿಂತು ಚಪ್ಪಾಳೆ ತಟ್ಟಿದೆ.

ಮೂರೇ ದಿನಕ್ಕೆ ಆಯ್ಕೆ. ಶಾಲೆಯವರು ಎರಡು ದಿನ ಅಭ್ಯಾಸ ನಿಲ್ಲಿಸಿ, ಅಂಗಳಕ್ಕೆ ನೀರು ಬಿಟ್ಟು ತೊಳೆದು ಒಣಗಿಸಿದ್ದರು, ಪುಡಿಯ ಸುಳಿವೇ ಇರಲಿಲ್ಲ. ಅಮ್ಮ ಮೊದಲ ಬಾರಿಗೆ ಮಗಳ ಆಟ ನೋಡಲು ಬಂದಿದ್ದಳು, ನಿಂಬೆ ಶರಬತ್ತಿನ ಬಾಟಲಿ ಹಿಡಿದು ಗೋಡೆಯ ನೆರಳಲ್ಲಿ ಕುಳಿತಿದ್ದಳು. ಮೊದಲ ಸುತ್ತಿನಲ್ಲಿ ತಂಗಿಯೇ ಮುಂದೆ. ಎರಡನೇ ಸುತ್ತಿನ ತಿರುವಿನಲ್ಲಿ ಚಕ್ರ ಟಕಟಕ ಎಂದಿತು. ಮೂರನೆಯದರಲ್ಲಿ ಅವಳು ಮೈ ಓರೆ ಮಾಡಿ ತಿರುಗಿದಳು, ಬಿದ್ದಳು, ಉರುಳುತ್ತ ಗೋಡೆಯ ತನಕ ಹೋದಳು.

ಓಡಿಹೋದಾಗ ನನಗೆ ಎಲ್ಲ ತಿಳಿಯಿತು. ಲಾರಿಯ ಭಾರ ನೆಟ್ಟಗೆ ಕೆಳಗೆ ಬೀಳುತ್ತದೆ. ಹುಡುಗಿಯ ಭಾರ ತಿರುವಿನಲ್ಲಿ ಪಕ್ಕಕ್ಕೆ ಬೀಳುತ್ತದೆ. ಗೀರುಗಳ ನಡುವೆ ಉಳಿದಿದ್ದ ತೆಳು ರಬ್ಬರು ಅದನ್ನು ತಾಳದೆ ಹರಿದಿತ್ತು. ಒಂದು ತುಂಡು ಸಿಮೆಂಟಿನ ಮೇಲೆ ಬಿದ್ದಿತ್ತು. ನಾನು ಅದರ ಮೇಲೆ ಕಾಲಿಟ್ಟು ನಿಂತೆ.

ಕಲಿಸುವ ಮೇಷ್ಟ್ರು ಬಂದು, ಏನಾಯಿತು ಎಂದು ಕೇಳಿದರು. ತಂಗಿಯ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಅವಳು ನನ್ನ ಮುಖ ನೋಡಿದಳು. ಸುತ್ತ ನಿಂತಿದ್ದ ತಂದೆಯರಲ್ಲಿ ನಾಲ್ಕೈದು ಜನ ಲಾರಿ ಮಾಲೀಕರು, ನನ್ನನ್ನು ಡಾಕ್ಟರ್ ಎನ್ನುವವರು.

“ಕಾಲು ತಪ್ಪಿತ್ರಿ ಸರ್,” ಎಂದಳು ತಂಗಿ.

“ಸಾಕು, ಆತಿನ್ನ. ಮನಿಗೆ ನಡಿ,” ಎಂದಳು ಅಮ್ಮ.

ತಪ್ಪು ನನ್ನದು, ಚಕ್ರ ನಾನು ಕೆಡಿಸಿದೆ ಎಂದಿದ್ದರೆ ಮೇಷ್ಟ್ರು ಬೇರೆ ಸ್ಕೇಟು ಕೊಟ್ಟು ಇನ್ನೊಮ್ಮೆ ಓಡಿಸುತ್ತಿದ್ದರೇನೋ. ಅವರು ಬಿಡದಿದ್ದರೂ ಅಮ್ಮನಾದರೂ ಇನ್ನೊಂದು ವರ್ಷ ಕೊಡುತ್ತಿದ್ದಳು, ಅದು ನನಗೆ ಚೆನ್ನಾಗಿ ಗೊತ್ತು. ನಾನು ಬಾಯಿ ಬಿಡಲಿಲ್ಲ. ನಾಚಿಕೆಗೇಡಿ ನಾನು, ಬೈಕು ತರುವ ನೆಪ ಮಾಡಿ ಆಚೆ ಹೋದೆ.

ತಂಗಿ ಹಟ ಮಾಡಲಿಲ್ಲ, ಅಳಲಿಲ್ಲ. ಹತ್ತನೇ ತರಗತಿ ಮುಗಿಸಿದಳು, ಹೊಲಿಗೆ ಕಲಿತಳು, ಸಿರುಗುಪ್ಪಕ್ಕೆ ಮದುವೆಯಾಗಿ ಹೋದಳು. ಗಣಿಗಳು ನಿಂತವು, ಲಾರಿಗಳು ಹೋದವು, ನನ್ನ ಅಂಗಡಿಯೂ ಮುಚ್ಚಿತು. ಅಮ್ಮ ತೀರಿಕೊಂಡಳು, ಮಗಳ ಕಾಲೇ ತಪ್ಪಿತ್ತು ಎಂದು ನಂಬಿಕೊಂಡೇ.

ಹೋದ ವರ್ಷ ಕುರುಗೋಡಿನಲ್ಲಿ ಒಂದು ಸಾವಿಗೆ ಹೋಗಿದ್ದೆ. ಅಲ್ಲಿಂದ ಮನೆಗೆ ಬರುವ ಬದಲು ಸಿರುಗುಪ್ಪದ ದಾರಿ ಹಿಡಿದೆ. ಬಸ್ಸಿನುದ್ದಕ್ಕೂ ಒಂದೇ ಮಾತನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ತಂಗಿ ಪಡಸಾಲೆಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ನೀರು ಕೊಟ್ಟಳು. ಕುಡಿಯುವ ಮೊದಲೇ ಹೇಳಿಬಿಟ್ಟೆ, ಅವತ್ತು ನಿನ್ನ ಕಾಲು ತಪ್ಪಲಿಲ್ಲ, ಚಕ್ರ ಕೆಡಿಸಿದವನು ನಾನು ಎಂದು.

ಅವಳು ಮೊರದಿಂದ ಕಣ್ಣು ಎತ್ತಲಿಲ್ಲ.

“ಗೊತ್ತಿತ್ತಣ್ಣ. ಎರಡನೇ ಸುತ್ತಿನಾಗ ಗೊತ್ತಾಗಿತ್ತು.”

“ಮತ್ತ ಯಾಕ ಹೇಳ್ಲಿಲ್ಲವಾ?”

“ಅಷ್ಟು ಮಂದಿ ಮುಂದ ನಿನ್ನ ಹೆಸರು ಹೆಂಗ ಹೇಳ್ಲಿ? ಮನಿಗೆ ಹೋದ ಮ್ಯಾಲ ನೀನೇ ಅಮ್ಮಗ ಹೇಳ್ತಿ ಅನ್ಕಂಡಿದ್ದೆ.” ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟಳು. “ಹತ್ತನೇ ಕ್ಲಾಸು ಮುಗಿಯೋತನ ದಿನಾ ಬೂಟು ಒರೆಸಿ ಇಡ್ತಿದ್ದೆ. ಇವತ್ತು ಹೇಳ್ತಿ, ನಾಳೆ ಹೇಳ್ತಿ ಅಂತ.”