ಗಂಟೆ ಬಾರಿಸುವ ಹಿಮ್ಮಡಿ

ಗಂಟೆಯಕ್ಕನ ಮುತ್ತಜ್ಜ ಕುದುರೆ ಟ್ರಾಮು ಓಡಿಸುತ್ತಿದ್ದವನು. ಏರು ಬಂದರೆ ತಾನು ಕೆಳಗಿಳಿದು ಕುದುರೆಗಳ ಜತೆ ನಡೆದೇ ದಿಣ್ಣೆ ಹತ್ತುತ್ತಿದ್ದ. ಮೇಲೆ ಕೂತು ಸೇವೆ ಮಾಡಿಸಿಕೊಳ್ಳುವುದಕ್ಕೆ ತಾನೇನು ಇವುಗಳ ಮನೆಯ ಅಳಿಯನೇ ಎಂದು ನಗುತ್ತಿದ್ದನಂತೆ. ಅಜ್ಜ ವಿದ್ಯುತ್ ಟ್ರಾಮನ್ನು ಮೊದಲು ಓಡಿಸಿದವರಲ್ಲಿ ಒಬ್ಬ. ಅಪ್ಪನ ಮಾತಂತೂ ಡಿಪೋದಲ್ಲಿ ಇಂದಿಗೂ ಬರುತ್ತದೆ. ಬ್ರೇಕು ಕೈಕೊಟ್ಟ ಟ್ರಾಮು ಇಳಿಜಾರಿನಲ್ಲಿ ಸಂತೆಯೊಳಗೆ ನುಗ್ಗಿದಾಗ, ಕಾಲಡಿಯಲ್ಲಿದ್ದ ಗಂಟೆಯ ಗುಂಡಿಯನ್ನು ಹಿಮ್ಮಡಿಯಿಂದ ಬಿಡದೆ ಒದೆದು, ಬೀದಿಯ ಜನವನ್ನೆಲ್ಲ ಎರಡು ಹೋಳು ಮಾಡಿ, ಒಂದು ಕೋಳಿಗೂ ಏಟಾಗದಂತೆ ದಾಟಿಸಿದವನು ಆತ. ಅಂದಿನಿಂದ ಅವರದು ಗಂಟೆಯವರ ಮನೆ. ಮಗಳು ಗಂಟೆಯಕ್ಕ.

ಗಂಟೆಯಕ್ಕನಿಗೂ ಬುದ್ಧಿ ತಲೆಯಲ್ಲಿದ್ದಷ್ಟೇ ಹಿಮ್ಮಡಿಯಲ್ಲೂ ಇತ್ತು. ಟ್ರಾಮು ಓಡಿಸುವಾಗ ಹಳಿಯ ಹತ್ತಿರ ಯಾರಾದರೂ ಕಂಡರೆ ಕಣ್ಣು ಹೇಳುವ ಮೊದಲೇ ಬಲಗಾಲು ಎದ್ದು ಗುಂಡಿಯ ಮೇಲೆ ಬೀಳುತ್ತಿತ್ತು.

ಈಗ ಆ ಟ್ರಾಮುಗಳಿಗೆ ವಿಶ್ರಾಂತಿ. ಅದೇ ಬೀದಿಗೆ ಹೊಸ ರೈಲು ಬರುವುದಿತ್ತು: ಉದ್ದನೆಯದು, ಸದ್ದಿಲ್ಲದ್ದು, ನೆಲಕ್ಕೆ ಅಂಟಿದಷ್ಟು ತಗ್ಗಿನದು. ಅದನ್ನು ನೋಡಲು ಹೋದ ದಿನವೇ ಆಕೆ ಮನಸೋತಳು. ಹಳೆಯ ಟ್ರಾಮಿನ ಎತ್ತರದ ಮೆಟ್ಟಿಲ ಬಳಿ ಮುದುಕಿಯರು ಕಂಬಿ ಹಿಡಿದು ದೇವರನ್ನು ನೆನೆಯುತ್ತಿದ್ದರು. ಎಷ್ಟೋ ಸಲ ಆಕೆಯೇ ಇಳಿದು ತೋಳು ಹಿಡಿದೆತ್ತಿದ್ದಳು. ಇಲ್ಲಿ ಊರುಗೋಲಿನವರೂ ಕೂಸಿನ ಗಾಡಿಯವರೂ ಪಡಸಾಲೆಗೆ ಬಂದಂತೆ ನೇರ ಒಳಗೆ ಬರಬಹುದು. ಇದನ್ನು ಓಡಿಸದೆ ಕೆಲಸ ಬಿಡುವವಳಲ್ಲ ಎಂದು ಗಂಡನ ಮುಂದೆ ಸಾರಿದಳು.

ಓಡಿಸಬೇಕಾದರೆ ಪರೀಕ್ಷೆ ಗೆಲ್ಲಬೇಕು. ಸೋತವರಿಗೆ ನಿಲ್ದಾಣದಲ್ಲಿ ಬಾವುಟ ಹಿಡಿದು ನಿಲ್ಲುವ ಕೆಲಸ. ಕಲಿಸುವ ಮೇಷ್ಟ್ರು ಬೇರೆ ಯಾರೂ ಅಲ್ಲ, ಆಕೆಯ ಅಳಿಯ. ಬೆಳಗ್ಗೆ ಆಕೆ ಅವನಿಗೆ ಎದ್ದು ನಿಲ್ಲಬೇಕು, ಸಂಜೆ ಅವನು ಆಕೆಗೆ.

ತೊಡಕಿದ್ದದ್ದು ಕಾಲಲ್ಲಿ. ಹೊಸ ರೈಲಿನಲ್ಲಿ ಒಂದು ಪೆಡಲನ್ನು ಸದಾ ಒತ್ತಿಕೊಂಡೇ ಇರಬೇಕು. ಕಾಲು ತೆಗೆದರೆ, ಓಡಿಸುವವರಿಗೆ ಏನೋ ಆಯಿತೆಂದುಕೊಂಡು ಗಾಡಿ ತಾನೇ ಗಕ್ಕನೆ ನಿಲ್ಲುತ್ತದೆ. ಹಾರ್ನು ಇರುವುದು ಕೈಯಳತೆಯಲ್ಲಿ. ಅಭ್ಯಾಸದ ಕೋಣೆಯಲ್ಲಿ ಸೀಟು, ಪೆಡಲು ಎಲ್ಲ ಇದ್ದವು. ಎದುರಿನ ಪರದೆಯ ಮೇಲೆ ಬೀದಿ ಓಡುತ್ತಿತ್ತು. ಸಂತೆ ತಿರುವಿನಲ್ಲಿ ಟೋಪಿಯ ಮುದುಕನೊಬ್ಬ ಹಳಿಯ ಅಂಚಿಗೆ ಬಂದು ಇಣುಕುತ್ತಾನೆ. ಹಾರ್ನು ಒತ್ತಿದರೆ ಹಿಂದೆ ಸರಿಯುತ್ತಾನೆ, ಅಷ್ಟೇ. ಆದರೆ ಆಕೆಯ ಕಾಲು ಗಂಟೆ ಹುಡುಕಿಕೊಂಡು ಮೇಲೆದ್ದಿತು. ರೈಲು ಗಕ್ಕನೆ ನಿಂತಿತು. ಒಳಗೆ ನಿಜವಾದ ಜನರಿದ್ದಿದ್ದರೆ ಒಬ್ಬರ ಮೇಲೊಬ್ಬರು ಉರುಳುತ್ತಿದ್ದರು. ಮರುದಿನವೂ ಅದೇ ಕಥೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಕೈಗೊಂದು ದಾರಿ, ಕಾಲಿಗೊಂದು ದಾರಿ. ಆ ಮುದುಕನಿಗೆ ಮನೆಮಠ ಇಲ್ಲವೇ ಎಂದು ಆಕೆ ಗೊಣಗಿದಾಗ ಜತೆಗಾರರು ಬಿದ್ದು ಬಿದ್ದು ನಕ್ಕರು.

ಗಂಡ ದರ್ಜಿ. ಹಳೆಯ ಮೆತ್ತೆಯೊಂದನ್ನು ಊಟದ ಮೇಜಿನ ಕೆಳಗೆ ಹಾಕಿಕೊಟ್ಟ. ಅದನ್ನು ಪೆಡಲಿನಂತೆ ಕಾಲಲ್ಲಿ ಒತ್ತಿಕೊಂಡೇ ಆಕೆ ಉಣ್ಣಬೇಕು. ಯಾರಾದರೂ ಬಾಗಿಲು ಬಡಿದರೆ ಸಾಕು, ಹಿಮ್ಮಡಿ ಹಾರಿ ನೆಲಕ್ಕಪ್ಪಳಿಸುತ್ತಿತ್ತು, ತಟ್ಟೆ ಲೋಟ ನಡುಗುತ್ತಿದ್ದವು.

“ಲೇ, ಕೆಳಗಿನ ಮನೆಯವರು ಇದು ಯಾವ ಸ್ಟಾಪು ಅಂತ ಕೇಳ್ತಿದ್ದಾರೆ,” ಎಂದ ಗಂಡ.

ಹಾಗೂ ಹೀಗೂ ಕಾಲು ಕಲಿಯುತ್ತಿತ್ತು. ಈಗೀಗ ಸುಮ್ಮನಿರುವುದೇ ಹೆಚ್ಚು. ಆದರೆ ಯಾವಾಗ ಎದ್ದೀತೆಂದು ಆಕೆಗೇ ಭರವಸೆಯಿರಲಿಲ್ಲ.

ಕೊನೆಯ ಪರೀಕ್ಷೆಯ ಹಿಂದಿನ ಸಂಜೆ ಅಳಿಯ ಬಂದ. ಮಾತು ಬಿಸಿಲಿನಿಂದ ಹೊರಟು, ಮೊಮ್ಮಗಳ ಹೊಸ ಹಲ್ಲನ್ನು ಸುತ್ತಿ, ಕೊನೆಗೆ ಪರೀಕ್ಷೆಗೆ ಬಂದು ನಿಂತಿತು. ಪರದೆಯ ದಾರಿಯನ್ನು ಆರಿಸುವವನು ತಾನೇ ಎಂದ. ಸಂತೆ ತಿರುವಿಲ್ಲದ ದಾರಿಯೂ ಒಂದಿದೆ, ಅದನ್ನು ಹಾಕಿದರೆ ಕೇಳುವವರಿಲ್ಲ ಎಂದ.

“ನಾಳೆ ಆ ಮುದುಕ ಬರೋದೇ ಇಲ್ಲ ಬಿಡಿ ಅತ್ತೆ.”

ಗಂಡನ ಕತ್ತರಿ ನಿಂತಿತು. ಬಾವುಟ ಹಿಡಿದು ನಿಂತ ತನ್ನನ್ನು ಆಕೆ ಒಮ್ಮೆ ಕಣ್ಣಮುಂದೆ ತಂದುಕೊಂಡಳು. ತನ್ನೆದುರೇ ಆ ರೈಲು ಸದ್ದಿಲ್ಲದೆ ಹಾದುಹೋಯಿತು. ಮೇಜಿನ ಕೆಳಗೆ ಕಾಲನ್ನು ಮೆತ್ತೆಗೆ ಇನ್ನಷ್ಟು ಒತ್ತಿದಳು.

“ಅಳಿಯಂದಿರೇ, ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ನೀವು ನನಗೋಸ್ಕರ ನೆಲಾನೇ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟಿದ್ದೀರಿ. ಪರದೆ ಮೇಲೆ ಆ ಮುದುಕನ್ನ ನೀವು ತಡೀಬಹುದು, ಬೀದೀಲಿ ಯಾರು ತಡೀತಾರೆ? ಬೇಡ. ನಾಳೆ ಸಂತೆ ತಿರುವೇ ಹಾಕಿ, ಅವನನ್ನೂ ಕರ್ಕೊಂಡು ಬನ್ನಿ. ಕಾಲು ಎದ್ದರೆ ಬಾವುಟ ಕೊಡಿ, ಹಿಡೀತೀನಿ.”